ಪಾರವ್ವತ್ತೆಯ ಡಬ್ಬಿ

ಮುಚ್ಚಳ ತೆಗೆದೊಡನೆ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ದೂರದ ಊರಿಗೆ ಹೊರಟಿದ್ದ ನನ್ನ ಕಾರು ಹರಪನಹಳ್ಳಿಯಲ್ಲಿ ಬುಸುಗುಟ್ಟಿ ನಿಂತಿತ್ತು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ರೊಟ್ಟಿ ತಿನ್ನಲೆಂದು ಡಬ್ಬಿ ಬಿಚ್ಚಿದ್ದೆ. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು: ಪಾರವ್ವ, ಚಿಗಟೇರಿ. ಅಪ್ಪನ ಅಕ್ಕ, ನನ್ನ ಸೋದರತ್ತೆ. ದಿನಾ ನೋಡುವ ಅಕ್ಷರವೇ, ಆದರೆ ಆ ಊರು ಇಷ್ಟು ಹತ್ತಿರದಲ್ಲಿದೆ ಎಂಬುದು ಅವತ್ತು ಚುಚ್ಚಿತು. "ನೀರಿನ ಪೈಪು ಒಡೆದೈತ್ರಿ. ಹೊಸಾದು ದಾವಣಗೆರಿಯಿಂದ ಬಸ್ಸಿಗೆ ಹಾಕ್ಯಾರ, ಮೂರು ತಾಸು ಬೇಕು," ಎಂದ ಮೆಕ್ಯಾನಿಕ್. ಪಕ್ಕದಲ್ಲೇ ಆಟೋ ಒರೆಸುತ್ತಿದ್ದ ಅವನ ತಂದೆ ರಹಿಮಾನ್ ಸಾಬರು ಡಬ್ಬಿಯ ಹೆಸರು ಓದಿದರು. "ಚಿಗಟೇರಿಯೋರೇನ್ರಿ? ಸುಮ್ನ ಕುಂತು ಏನ್ ಮಾಡ್ತೀರಿ, ಬರ್ರಿ, ನಿಧಾನ ಹೋಗಿ ಬರೋಣ."

ನಿಧಾನ ಅಂದರೆ ನಿಧಾನವೇ. ಕುರಿ ಹಿಂಡು ದಾಟುವವರೆಗೆ ನಿಂತೆವು. ರಸ್ತೆಯಲ್ಲೇ ಹರವಿದ ಮೆಕ್ಕೆಜೋಳ ತುಳಿಯದಂತೆ ಅಂಚಿಗೆ ಸರಿದೆವು. ತೊಡೆಯ ಮೇಲಿನ ಡಬ್ಬಿ ಒಂದೇ ಸಮ ಸದ್ದು ಮಾಡುತ್ತಿತ್ತು. ಕೊಟ್ಟವರಿಗೆ ತಿರುಗಿಸದೆ ಉಳಿದ ಇಂಥದ್ದೊಂದು ನಿಮ್ಮ ಮನೆಯಲ್ಲೂ ಇರುತ್ತದೆ, ಗೊತ್ತು. ತುಂಬಿ ಬಂದ ಪಾತ್ರೆ ಖಾಲಿ ತಿರುಗಿಸಬಾರದು ಎಂಬುದು ಅತ್ತೆಯ ಮನೆಯ ಕಾನೂನು. ರಜೆಗೆ ಹೋದಾಗ ಒಮ್ಮೆ ಪಕ್ಕದ ಮನೆಯ ಹನುಮಕ್ಕನಿಗೆ ಬರೀ ಬಟ್ಟಲು ಕೊಟ್ಟು ಬಂದಿದ್ದೆ. "ಬೆಲ್ಲದ ಚೂರಾದ್ರೂ ಹಾಕಿ ಬಾರಲೇ," ಎಂದು ಅತ್ತೆ ನನ್ನನ್ನು ಉರಿಬಿಸಿಲಲ್ಲಿ ತಿರುಗಿ ಓಡಿಸಿದ್ದಳು. ನನ್ನ ಮದುವೆಯಾದ ವರ್ಷ ಶೇಂಗಾ ಉಂಡೆ ತುಂಬಿ ಕೊಟ್ಟದ್ದು ಈ ಡಬ್ಬಿ. "ಡಬ್ಬಿ ತಿರುಗಿ ತಾ," ಎಂದಿದ್ದಳು. ಏನು ತುಂಬಿ ಒಯ್ಯುವುದು? ಅಂಗಡಿಯ ಮೈಸೂರುಪಾಕು ಅವಳ ಉಂಡೆಗೆ ಸಮನಲ್ಲ. ನಾನೇ ಮಾಡಿದ ಉಂಡೆ ಒಡೆಯುತ್ತಿತ್ತು. ಒಳ್ಳೆಯದೇನಾದರೂ ಕೈಗೂಡಿದಾಗ ಹೋದರಾಯಿತು ಎಂದು ವರ್ಷ ವರ್ಷ ಮುಂದೂಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಅತ್ತೆ ತೀರಿಹೋದಳು, ಮಣ್ಣಿಗೂ ಹೋಗಲಾಗಲಿಲ್ಲ.

ಚಿಗಟೇರಿಯಲ್ಲಿ ಅತ್ತೆಯ ಮನೆಯಿದ್ದ ಜಾಗದಲ್ಲಿ ಜೋಳದ ಗೋದಾಮು ಎದ್ದಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದ ಮೂಲೆ ಯಾವುದು, ಕತ್ತಲ ಕೋಣೆಯ ಉಪ್ಪಿನಕಾಯಿ ಭರಣಿ ಎಲ್ಲಿತ್ತು, ಒಂದೂ ತಿಳಿಯಲಿಲ್ಲ. ಬಾಗಿಲ ಮುಂದಿನ ಕಲ್ಲುಕಟ್ಟೆಯೊಂದು ಉಳಿದಿತ್ತು. ಪಕ್ಕದ ಜಗಲಿಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದ ಮುದುಕಿ ಹನುಮಕ್ಕನೇ. ಹೆಸರು ಹೇಳಿದೆ. ಡಬ್ಬಿ ಕೊಡಾಕ ಬಂದೆ ಎಂದು ಅದನ್ನು ಮುಂದೆ ಹಿಡಿದೆ.

"ಕೂಡ್ರು," ಎಂದಳು ಹನುಮಕ್ಕ. "ನಿಮ್ಮತ್ತಿ ಡಬ್ಬಿ ಕೇಳಿದ್ದಿಲ್ಲವ್ವ, ನಿನ್ನ ಕೇಳ್ತಿದ್ಲು. ಸಂಜಿ ಬಸ್ಸಿನ ಹೊತ್ತಿಗೆ ದಿನಾ ಆ ಕಟ್ಟಿ ಮ್ಯಾಲ ಕುಂದ್ರುತಿದ್ಲು."

"ಅತ್ತೇ" ಎಂದು ಬಾಯಿಬಿಟ್ಟು ಅತ್ತುಬಿಟ್ಟೆ. ಹನುಮಕ್ಕ ಮುಚ್ಚಳ ತೆಗೆದಳು. ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ಚಟ್ನಿಯನ್ನು ರಹಿಮಾನ್ ಸಾಬರೂ ಸೇರಿ ನಾವು ಮೂವರೂ ಹಂಚಿಕೊಂಡು ತಿಂದೆವು. ಆಮೇಲೆ ಅವಳು ಡಬ್ಬಿ ತೊಳೆದು, ಸೆರಗಿನಲ್ಲಿ ಒರೆಸಿ, ಬಿಡಿಸಿಟ್ಟ ಶೇಂಗಾವನ್ನು ಬಾಯಿಮಟ ತುಂಬಿದಳು. ನಾನು ಬೇಡವೆಂದರೂ ಕೇಳದೆ ಆಟೋದ ತನಕ ಬಂದು ಮಡಿಲಲ್ಲಿಟ್ಟಳು. ರಹಿಮಾನ್ ಸಾಬರು ಗಾಡಿ ಶುರುಮಾಡದೆ ಕಾದರು.

"ಇದಕ್ಕ ಏನು ತುಂಬಬೇಕಂತ ವಿಚಾರ ಮಾಡ್ತಾ ಕುಂದ್ರಬ್ಯಾಡ," ಎಂದಳು ಹನುಮಕ್ಕ. "ಖಾಲೀನ ತಗೊಂಡು ಬಾ. ನಾ ಇರೂಮಟ ಬಾ."