ರೈಲಿಗೆ ಮೊದಲ ಮಿರ್ಚಿ

ಹೊಸಪೇಟೆಯ ನಮ್ಮ ರೈಲ್ವೆ ಗೇಟಿನ ಪಕ್ಕದಲ್ಲಿದ್ದ ನನ್ನ ಬೇಕರಿಗೆ ಗಾಜಿನ ಬಾಗಿಲಿತ್ತು, ಎರಡು ಫ್ಯಾನುಗಳಿದ್ದವು, ಎಂಟು ಕುರ್ಚಿಗಳಿದ್ದವು. ಎದುರಿನ ಜಂಬಕ್ಕನ ತಳ್ಳುಗಾಡಿಗೆ ಇದ್ದದ್ದು ಒಂದು ಬಾಣಲೆ, ಒಂದು ಸ್ಟೂಲು. ಆ ಸ್ಟೂಲಿನ ಮೇಲೂ ಅವಳೇ ಕೂರುತ್ತಿದ್ದಳು. ಆದರೂ ಗೇಟು ಬಿದ್ದರೆ ಜನ ನಿಲ್ಲುತ್ತಿದ್ದದ್ದು ಅವಳ ಮುಂದೆ. ಹನ್ನೆರಡು ವರ್ಷ ಇದನ್ನು ಗಾಜಿನೊಳಗಿಂದ ನೋಡಿದ್ದೇನೆ. ಗಾಜನ್ನು ದಿನಾ ಒರೆಸುತ್ತಿದ್ದೆನಾದ್ದರಿಂದ ಎಲ್ಲವೂ ಚೊಕ್ಕವಾಗಿ ಕಾಣುತ್ತಿತ್ತು.

ಜಂಬಕ್ಕ ಗಾದಿಗನೂರಿನ ಮಗಳು. ಗಂಡ ಅದಿರು ಲಾರಿಯ ಡ್ರೈವರ್. ಗಣಿ ನಿಂತ ವರ್ಷ ಲಾರಿಯೂ ನಿಂತಿತು, ಇವಳು ಬಾಣಲೆ ಹಿಡಿದಳು. ಗೇಟ್‌ಮನ್ ಗುಡ್ಡಪ್ಪನ ಗೂಡಿನಲ್ಲಿ ಗಂಟೆ ಬಾರಿಸಿದೊಡನೆ ಅವಳು ಮೆಣಸಿನಕಾಯಿ ಹಿಟ್ಟಿಗೆ ಅದ್ದುತ್ತಿದ್ದಳು. ಗೇಟು ಕೆಳಗಿಳಿಯುವಷ್ಟರಲ್ಲಿ ಮೊದಲ ಒಬ್ಬೆ ಕೆಂಪಗೆ ತೇಲುತ್ತಿತ್ತು. ಪ್ಯಾಸೆಂಜರ್ ಬಂದರೆ ಬರೀ ಮಿರ್ಚಿ. ಸಂಡೂರು ಕಡೆಯ ಅದಿರಿನ ಉದ್ದನೆಯ ಗೂಡ್ಸಾದರೆ ಒಗ್ಗರಣೆ ಮಂಡಕ್ಕಿಗೂ ಪುರುಸೊತ್ತು.

ದಿನದ ಮೊದಲ ಮಿರ್ಚಿಯನ್ನು ಅವಳು ಹಳಿಯ ಮೇಲಿಟ್ಟು ಕೈಮುಗಿಯುತ್ತಿದ್ದಳು.

"ರೈಲಪ್ಪನ ಎಡಿ ರೀ ಸಾವ್ಕಾರ್ರ. ಅವ ನಿಲ್ಲಿಸಿದ್ರ ಅಲ್ಲೇನ್ರಿ ಮಂದಿ ನಿಲ್ಲೋದು?"

ಮೂಢನಂಬಿಕೆ ಎಂದು ನಕ್ಕೆ. ಒಂದು ಶ್ರಾವಣ ಸೋಮವಾರ ಯಾರೂ ಕಾಣದಂತೆ ನಾನೂ ಹಳಿಯ ಮೇಲೊಂದು ಪೇಢೆ ಇಟ್ಟೆ. ಅಂದು ಗೂಡ್ಸು ಗೇಟಿನ ಮೇಲೆಯೇ ಕೆಟ್ಟು ಒಂದೂವರೆ ತಾಸು ನಿಂತಿತು. ಜಂಬಕ್ಕನ ಹಿಟ್ಟು ಎರಡು ಸಲ ಖಾಲಿಯಾಯಿತು.

ಆಗ ಹಳಿಯನ್ನೇ ಊರ ನಡುವೆ ಇಪ್ಪತ್ತೈದು ಅಡಿ ಕೆಳಗಿಳಿಸಿ, ಮೇಲೆ ರಸ್ತೆಯನ್ನು ನೇರ ಹಾಯಿಸುವ ಯೋಜನೆ ಬಂತು. ಗೇಟೇ ಇಲ್ಲವೆಂದರೆ ಜಂಬಕ್ಕ ಎಲ್ಲಿ? ಕೆಲಸ ಬೇಗ ಶುರುವಾಗಲೆಂದು ವರ್ತಕರು ಬರೆದ ಮನವಿಗೆ ಮೊದಲ ಸಹಿ ನನ್ನದೇ. ಎರಡನೆಯದನ್ನು ಅವಳಿಂದಲೇ ಹಾಕಿಸೋಣವೆಂದು ಕಾಗದ ಹಿಡಿದು ಹೋದೆ.

"ಗೇಟು ತೆಗೀತಾರವ್ವ. ಊರಿಗೆ ಒಳ್ಳೇದು."

ಅವಳು ಕೈ ಒರೆಸಿಕೊಂಡು ಕಾಗದ ಪೂರ್ತಿ ಓದಿದಳು. "ನನ್ನ ಬಾಣಲಿ ಆರ್ತೈತಲ್ರಿ."

"ಅದೂ ಖರೇನ."

"ಕಂಪ್ಲಿಯಿಂದ ಬಂದ ಬಸುರಿ ಇದಾ ಗೇಟಿನ್ಯಾಗ ಆಂಬುಲೆನ್ಸಿನ್ಯಾಗ ನರಳಿದ್ದು ನೋಡೀನಿ. ಅವತ್ತು ಮಿರ್ಚಿ ಮಾರಾಕ ನಾಚಿಕಿ ಆಗಿತ್ತು. ತರ್ರಿ ಪೆನ್ನು."

ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದಳು. ಅದರ ಮೇಲಿನ ಸಾಲಿನ ನನ್ನ ಸಹಿ ಕೋಳಿ ಕೆದರಿದಂತಿತ್ತು. ವ್ಯಾಪಾರದಲ್ಲಿ ಹೊಟ್ಟೆಕಿಚ್ಚು ಪಡುವುದು ನನಗೆ ರೂಢಿ. ಒಳ್ಳೆಯತನಕ್ಕೂ ಪಡಬೇಕಾಗಿ ಬಂದದ್ದು ಅಂದೇ ಮೊದಲು.

ಮೂರು ವರ್ಷ ಅಗೆದರು. ಧೂಳು ನನ್ನ ಪೇಢೆಯ ಮೇಲೆ ಕೂತಿತು. ಅಗೆಯುವವರು ಅವಳ ಗಾಡಿಯ ಮುಂದೆ ಕೂತರು.

ಕೊನೆಗೆ ರೈಲು ಹೊಂಡದಲ್ಲಿ ಓಡಿತು. ಗೇಟು ಹೋಯಿತು, ಗುಡ್ಡಪ್ಪನಿಗೆ ಬೇರೆ ಕಡೆ ವರ್ಗವಾಯಿತು. ರಸ್ತೆ ತೆರೆದ ದಿನ ನಾನು ಆರು ಟ್ರೇ ಪಫ್ಸ್ ಮಾಡಿಸಿದೆ. ಬೈಕು, ಕಾರು, ಕಂಪ್ಲಿ ಬಸ್ಸು, ಎಲ್ಲವೂ ಬುರ್ರನೆ ಹಾದುಹೋದವು. ನಿಲ್ಲುವ ಕಾರಣವೇ ಇಲ್ಲದಿದ್ದರೆ ನನ್ನ ಎದುರಾದರೂ ಯಾರು ನಿಂತಾರು? ಅವಳ ಹತ್ತಿರ ಜಾಗ ಸಿಗದೆ ನನ್ನ ಕಡೆ ಬರುತ್ತಿದ್ದ ನಾಲ್ಕು ಗಿರಾಕಿಗಳೂ ಹೋದರು. ಆ ನಾಲ್ವರು ಅವಳ ಎಂಜಲೆಂದು ಆವರೆಗೆ ನನಗೆ ತಿಳಿದಿರಲಿಲ್ಲ.

ಜಂಬಕ್ಕನೂ ಒಂಬತ್ತು ದಿನ ಹಿಟ್ಟು ಚೆಲ್ಲಿದಳು. "ಗಂಟಿ ಇಲ್ದ ಎಣ್ಣಿ ಯಾವಾಗ ಕಾಸ್ಲಿ ರೀ?" ಎಂದಳು. ಆ ಒಂಬತ್ತು ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಹತ್ತನೆಯ ದಿನ ಹೊಂಡದ ಎದೆಮಟ್ಟದ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ರೈಲು ದೂರವಿರುವಾಗಲೇ ಗೋಡೆ ಸಣ್ಣಗೆ ನಡುಗುತ್ತಿತ್ತಂತೆ. ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಂದು ಅಪ್ಪನ ಬೈಕು ನಿಲ್ಲಿಸಿ, "ರೈಲಿನ ನೆತ್ತಿ ನೋಡ್ಬೇಕು" ಎಂದು ಹಟ ಹಿಡಿಯಿತು. ಗೋಡೆ ಎಟುಕಲಿಲ್ಲ. ಜಂಬಕ್ಕ ತನ್ನ ಸ್ಟೂಲು ತಂದಿಟ್ಟಳು. "ಹತ್ತವ್ವ. ನೀವು ಗಟ್ಟಿ ಹಿಡ್ಕೊರಿ ಅಪ್ಪಾರ."

ಅಪ್ಪ ಮಗಳನ್ನು ಹಿಡಿದು ನಿಂತ. ಗೋಡೆ ನಡುಗಿದಾಗ ಎಣ್ಣೆಗೆ ಬಿಟ್ಟ ಮಿರ್ಚಿ ರೈಲಿನ ಕೊನೆಯ ಡಬ್ಬಿ ದಾಟುವ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿತ್ತು.

ತಿಂಗಳೊಳಗೆ ಆ ಸ್ಟೂಲಿಗೆ ಸಾಲು ನಿಂತಿತು. ಜಂಬಕ್ಕ ನಿಂತೇ ಕರಿಯತೊಡಗಿದಳು. ಮೊದಲ ಮಿರ್ಚಿಯನ್ನು ಈಗ ಗೋಡೆಯ ಮೇಲಿಂದ ಅದಿರಿನ ಡಬ್ಬಿಗೆ ಬಿಡುತ್ತಾಳೆ.

ಒಂದು ಮುಂಜಾನೆ ನಾನು ಗೋಡೆಯ ಬಳಿ ಕೈ ಚಾಚಿದ್ದೆ. ಹಿಂದಿನಿಂದ ದನಿ ಬಂತು.

"ಪೇಢಾ ಬ್ಯಾಡ್ರಿ ಸಾವ್ಕಾರ್ರ, ರೈಲಿಗೆ ಸಕ್ರಿ ಕಾಯ್ಲಿ ಬಂದೀತು."

"ಸುಮ್ನ ನೋಡಾಕ ಬಂದಿದ್ದೆ."

"ನೋಡ್ರಿ ನೋಡ್ರಿ. ಸ್ಟೂಲು ಬೇಕೇನ್ರಿ?"

ಸುಮ್ಮನಿದ್ದರೆ ನಾನು ವ್ಯಾಪಾರಿ ಹೇಗಾದೇನು? ಮರುದಿನ ಬೇಕರಿಯ ನಾಲ್ಕು ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಇರಿಸಿದೆ. ಅವುಗಳ ಬೆನ್ನಿಗೆ ನನ್ನ ಅಂಗಡಿಯ ಹೆಸರನ್ನೂ ಬರೆಸಿದ್ದೆ. ಮಕ್ಕಳು ನನ್ನ ಕುರ್ಚಿ ಹತ್ತಿದರು, ರೈಲಿನ ನೆತ್ತಿ ನೋಡಿದರು, ಇಳಿದರು, ಅವಳ ಗಾಡಿಯತ್ತ ಓಡಿದರು.

"ಭಾಳ ಉಪಕಾರ ಆತ್ರಿ," ಎಂದಳು ಜಂಬಕ್ಕ, ಒಂದು ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡು ಕೂರುತ್ತ. "ಕಾಲು ಸೋತಿದ್ವು."