ಓದು ಬಾರದ ಮಲ್ಲವ್ವ

ಮೂಡಲಗಿ ತಾಲೂಕು ಕೇಂದ್ರವಾಗಿ ಇನ್ನೂ ಬಹಳ ವರ್ಷ ಕಳೆದಿರಲಿಲ್ಲ. ನಾನಾಗ ಬೆಳಗಾವಿಯ ಒಂದು ಸಣ್ಣ ಡಿಸೈನ್ ಸಂಸ್ಥೆಯಲ್ಲಿ ಇಂಟರಾಕ್ಷನ್ ಡಿಸೈನರ್ ಆಗಿದ್ದೆ. ಮೊಬೈಲ್ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಅದನ್ನು ಒತ್ತಿದರೆ ಮುಂದೇನಾಗಬೇಕು, ಆದದ್ದು ಬಳಸುವವರಿಗೆ ಹೇಗೆ ತಿಳಿಯಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ. ನನ್ನ ಹುಟ್ಟೂರು ಹುಕ್ಕೇರಿ ತಾಲೂಕಿನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂದು ಹೇಳುವ ಹಕ್ಕು ನನಗಿಲ್ಲ.

ಪಶುಸೇವೆ ಮಾಡುವ ಒಂದು ಖಾಸಗಿ ಟ್ರಸ್ಟ್ ನಮ್ಮ ಬಳಿ ಬಂದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಿಗೆ ಅವರ ಬಳಿ ಇದ್ದದ್ದು ಒಬ್ಬ ಪಶುವೈದ್ಯರು, ಒಂದು ಜೀಪು. ಕುರಿಗೆ ಕಾಯಿಲೆ ಬಂದಾಗ ಕುರಿಗಾರರು ಡಾಕ್ಟರರನ್ನು ಕರೆಸಿಕೊಳ್ಳಲು ಒಂದು ಆ್ಯಪ್ ಬೇಕಾಗಿತ್ತು.

ಇಂಥ ಕೆಲಸದ ಆರಂಭದಲ್ಲೇ ನಾವು ಎರಡು ಸಂಗತಿಗಳನ್ನು ಸಿದ್ಧಪಡಿಸುತ್ತೇವೆ. ಒಂದು ಪರ್ಸೋನಾ. ಹತ್ತಾರು ಬಳಕೆದಾರರನ್ನು ಕಂಡು, ಮಾತಾಡಿಸಿ, ಅವರಲ್ಲಿ ಸಾಮಾನ್ಯವಾಗಿ ಕಂಡದ್ದನ್ನೆಲ್ಲ ಸೇರಿಸಿ ಕಟ್ಟುವ ಒಬ್ಬ ಕಲ್ಪಿತ ವ್ಯಕ್ತಿ ಅದು. ಅದಕ್ಕೊಂದು ಹೆಸರು, ವಯಸ್ಸು, ಅಭ್ಯಾಸ, ಅಗತ್ಯ ಎಲ್ಲ ಇರುತ್ತವೆ. ಇನ್ನೊಂದು ಸಿನಾರಿಯೋ. ಆ ವ್ಯಕ್ತಿ ನಮ್ಮ ಸಾಧನವನ್ನು ಯಾವ ಹೊತ್ತಿನಲ್ಲಿ, ಯಾಕೆ, ಹೇಗೆ ಬಳಸುತ್ತಾರೆ ಎಂಬ ಸಣ್ಣ ಕಥೆ. ಪ್ರಾಮಾಣಿಕವಾಗಿ ಮಾಡಿದರೆ ಇವೆರಡೂ ಒಳ್ಳೆಯ ಉಪಕರಣಗಳು.

ನಾವು ಪ್ರಾಮಾಣಿಕವಾಗಿ ಮಾಡಲಿಲ್ಲ.

ಹಳ್ಳಿ ಓಡಾಟಕ್ಕೆ ಎರಡು ವಾರ ಬೇಕೆಂದು ಬರೆದುಕೊಟ್ಟಿದ್ದೆ. ನಮ್ಮ ಡಿಸೈನ್ ಹೆಡ್ ವಿನೋದ್ ಅದನ್ನು ಒಂದು ದಿನಕ್ಕೆ ಇಳಿಸಿದ. ತನ್ನ ಟೇಬಲ್ಲಿನಿಂದ ಏಳದೆಯೇ ಲೋಕವನ್ನೆಲ್ಲ ಅರ್ಥಮಾಡಿಕೊಂಡವನಂತೆ ಮಾತಾಡುವ ಮನುಷ್ಯ ಅವನು. ಇನ್ನೊಬ್ಬರ ಕಷ್ಟವನ್ನು ಅರಿಯುವುದು ಎಂಬರ್ಥದ ‘ಎಂಪಥಿ’ ಪದವನ್ನು ದಿನಕ್ಕೆ ಇಪ್ಪತ್ತು ಸಲ ಬಳಸುತ್ತಿದ್ದ, ಚಹಾ ತಂದುಕೊಡುವವನ ಹೆಸರು ಮಾತ್ರ ಅವನಿಗೆ ಗೊತ್ತಿರಲಿಲ್ಲ. “ನೀವೇ ಆ ಕಡೆಯವರಲ್ವಾ? ನಿಮಗೆ ಗೊತ್ತಿರೋದನ್ನೇ ಬರೆದುಬಿಡಿ” ಎಂದ. ನಾನು ಒಪ್ಪಿಕೊಂಡೆ. ಬಿಸಿಲಲ್ಲಿ ಅಲೆಯುವುದು ತಪ್ಪಿತಲ್ಲ ಎಂಬ ಸಣ್ಣ ನೆಮ್ಮದಿಯೂ ಆಗಿತ್ತು.

ಆ ಒಂದು ದಿನ ವಿನೋದನ ಜೊತೆ ಕಾರಿನಲ್ಲಿ ಅಂಕಲಗಿ ದಾಟಿ ಹೋಗುವಾಗ ರಸ್ತೆಬದಿಯಲ್ಲಿ ಒಂದು ಕುರಿಹಿಂಡು ಸಿಕ್ಕಿತು. ಹಿಂಡಿನ ಮುಂದೆ ಕಂಬಳಿ ಹೊದ್ದ ಒಬ್ಬ ಹೆಂಗಸು ನಿಂತಿದ್ದರು. ವಿನೋದ್ ಕಾರಿನ ಗಾಜು ಇಳಿಸಿ ಅವರ ಫೋಟೋ ತೆಗೆದ. ನಾನು ಕೆಳಗಿಳಿದು, “ನಿಮ್ಮ ಹತ್ರ ಫೋನ್ ಐತೇನ್ರಿ?” ಎಂದು ಕೇಳಿದೆ.

“ಐತಲ್ರಿ, ಯಾಕ್ರಿ?” ಎಂದರು.

ಯಾಕೆ ಎಂಬುದಕ್ಕೆ ನಾನು ಉತ್ತರ ಕೊಡಲಿಲ್ಲ. ಹೆಸರನ್ನೂ ಕೇಳಲಿಲ್ಲ. ನಮ್ಮ ಸಂಶೋಧನೆ ಅಲ್ಲಿಗೆ ಮುಗಿಯಿತು.

ಮರುದಿನ ಎ.ಸಿ. ಕೋಣೆಯಲ್ಲಿ ಕೂತು ನಾನು ‘ಮಲ್ಲವ್ವ’ಳನ್ನು ಹುಟ್ಟಿಸಿದೆ. ವಯಸ್ಸು ನಲವತ್ತೈದು. ಓದು ಬರದು. ತಂತ್ರಜ್ಞಾನವೆಂದರೆ ಭಯ. ಅವಳ ಬಾಯಿಗೆ ಒಂದು ಮಾತನ್ನೂ ನಾನೇ ತುರುಕಿದೆ: ‘ನನಗೇನೂ ತಿಳಿಯೂದಿಲ್ಲ, ಯಾರಾರ ಸಹಾಯ ಮಾಡ್ರಿ.’ ಪಕ್ಕದಲ್ಲಿ ಆ ಹೆಂಗಸಿನ ಫೋಟೋ. ಸಿನಾರಿಯೋ ಹೀಗಿತ್ತು: ಬೆಳಿಗ್ಗೆ ಮನೆಯ ಹಿಂದಿನ ಹಟ್ಟಿಯಲ್ಲಿ ಒಂದು ಕುರಿ ಮಂಕಾಗಿರುವುದನ್ನು ಮಲ್ಲವ್ವ ನೋಡುತ್ತಾಳೆ. ಕೆಂಪು ಗುಂಡಿ ಒತ್ತುತ್ತಾಳೆ. ಎರಡು ಗಂಟೆಯಲ್ಲಿ ಡಾಕ್ಟರ್ ಮನೆಗೆ ಬರುತ್ತಾರೆ. ಮಲ್ಲವ್ವ ನಗುತ್ತಾಳೆ. ಅವಳು ನಗುತ್ತಾಳೆಂದು ಬರೆಯುವಾಗ ನನಗೆ ನಾಚಿಕೆಯಾಗಲಿಲ್ಲ.

ಆಮೇಲೆ ಎಲ್ಲ ತೀರ್ಮಾನಗಳೂ ಅವಳ ಹೆಸರಿನಲ್ಲೇ ಆದವು. ಮಲ್ಲವ್ವಳಿಗೆ ಓದು ಬರದು, ಆದ್ದರಿಂದ ಪರದೆಯ ಮೇಲಿನ ಅಕ್ಷರಗಳೆಲ್ಲ ಹೋದವು. ಎಲ್ಲಿದ್ದೀರಿ ಎಂದು ಫೋನ್ ಅನುಮತಿ ಕೇಳಿದರೆ ಮಲ್ಲವ್ವ ಹೆದರುತ್ತಾಳೆ, ಆದ್ದರಿಂದ ಜಿಪಿಎಸ್ ಕೂಡ ಹೋಯಿತು. ನೋಂದಣಿಯ ದಿನ ಬರೆಸಿದ ಊರಿಗೇ ಡಾಕ್ಟರ್ ಹೋಗುವುದೆಂದಾಯಿತು. ಗುಂಡಿ ಒತ್ತಿದರೆ ಜೀಪಿನಲ್ಲಿ ಕೂತು ನಗುವ ಡಾಕ್ಟರರ ಚಿತ್ರ ಬರುತ್ತಿತ್ತು, ಅಷ್ಟೆ.

ಟ್ರಸ್ಟಿನ ವೈದ್ಯರು ಡಾ. ಮಠಪತಿ. ಹೆಚ್ಚು ಮಾತಿಲ್ಲದ, ವಯಸ್ಸಾದವರು. ಪರದೆಗಳನ್ನು ತೋರಿಸಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಕುರಿಯವ್ರು ವರ್ಷಪೂರ್ತಿ ಮನ್ಯಾಗ ಇರ್ತಾರೇನ್ರಿ?”

“ಅದನ್ನ ಸಿಸ್ಟಮ್ ನೋಡಿಕೊಳ್ಳುತ್ತೆ ಡಾಕ್ಟ್ರೇ” ಎಂದ ವಿನೋದ್. ಡಾಕ್ಟರರು ನನ್ನ ಕಡೆ ನೋಡಿದರು. ಮಳೆ ಹಿಡಿದರೆ ಹುಕ್ಕೇರಿ ಭಾಗದ ಕುರಿಗಾರರು ಕೆಸರು ತಪ್ಪಿಸಿಕೊಂಡು ಮೂಡಲಗಿಯ ಸುತ್ತಲಿನ ಮೂಡಲ ಸೀಮೆಗೆ ಹೊರಡುತ್ತಾರೆಂಬುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆದರೂ ಲ್ಯಾಪ್‌ಟಾಪ್ ನೋಡುತ್ತ ಕೂತೆ.

ಬೇಸಿಗೆಯಲ್ಲಿ, ಕುರಿಗಾರರೆಲ್ಲ ಊರಲ್ಲಿದ್ದಾಗ, ಟ್ರಸ್ಟಿನವರು ಮನೆಮನೆಗೆ ಹೋಗಿ ಆ್ಯಪ್ ಹಾಕಿಕೊಟ್ಟರು. ಮಳೆ ಶುರುವಾಯಿತು. ಹಿಂಡುಗಳು ಹೊರಟವು.

ಒಂದು ಬೆಳಿಗ್ಗೆ ಮೂಡಲಗಿಯ ಹತ್ತಿರದ ಹೊಲವೊಂದರಲ್ಲಿ ತಂಗಿದ್ದ ಲಗಮವ್ವ ಎಂಬವರ ಹಿಂಡಿನಲ್ಲಿ ಮೂರು ಕುರಿ ಹೊಟ್ಟೆ ಉಬ್ಬಿ ಬಿದ್ದವು. ಮಳೆ ಬಿದ್ದ ಮೇಲೆ ಚಿಗುರಿದ ಎಳೆ ಹುಲ್ಲನ್ನು ಅತಿಯಾಗಿ ಮೇಯ್ದಾಗ ಬರುವ ಕರುಳುಬೇನೆ ಅದು. ಬಿದ್ದ ಕುರಿ ಉಳಿಯುವುದು ಕಷ್ಟ. ಉಳಿದ ಹಿಂಡನ್ನು ಬೇಗ ಹುಲ್ಲಿನಿಂದ ಹೊರಗೆ ತಂದು ಮದ್ದು ಮಾಡಿದರೆ ಉಳಿಸಿಕೊಳ್ಳಬಹುದು. ಲಗಮವ್ವ ಕೆಂಪು ಗುಂಡಿ ಒತ್ತಿದರು. ನಗುವ ಡಾಕ್ಟರರ ಚಿತ್ರ ಬಂತು. ಸ್ವಲ್ಪ ಹೊತ್ತಿಗೆ ಫೋನಿನ ಚಾರ್ಜ್ ಮುಗಿಯಿತು. ಹೊಲದಲ್ಲಿ ಕರೆಂಟ್ ಎಲ್ಲಿಂದ ಬರಬೇಕು?

ಡಾ. ಮಠಪತಿ ಹುಕ್ಕೇರಿ ಕಡೆಯ ಅವರ ಊರಿಗೆ ಜೀಪು ಓಡಿಸಿಕೊಂಡು ಹೋದರು. ಮನೆಗೆ ಬೀಗ. ಪಕ್ಕದ ಮನೆಯವರು, “ಅವ್ರು ಮೂಡಲಗಿ ಕಡೆ ಹೋಗಿ ತಿಂಗಳಾತ್ರಿ” ಎಂದರು. ಫೋನ್ ಸ್ವಿಚ್ ಆಫ್. ಡಾಕ್ಟರರು ಅಲ್ಲಿಂದ ವಾಪಸು ಬಂದು, ಹೊಲ ಹೊಲ ವಿಚಾರಿಸುತ್ತ, ಆ ಹಿಂಡನ್ನು ಪತ್ತೆಹಚ್ಚಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಹದಿನಾಲ್ಕು ಕುರಿ ಸತ್ತಿದ್ದವು. ಸರಕಾರಿ ಪಶು ಆಸ್ಪತ್ರೆ ಆ ಹೊಲದಿಂದ ಬರೀ ಮೂರು ಕಿಲೋಮೀಟರ್. ಈಗ ಬಂದಾರು, ಇನ್ನೊಂದು ಗಳಿಗೆಗೆ ಬಂದಾರು ಎಂದು ಕಾಯುತ್ತ ಲಗಮವ್ವ ಅಲ್ಲಿಗೆ ಹೋಗಲಿಲ್ಲ, ಏಕೆಂದರೆ ಡಾಕ್ಟರ್ ಬರುತ್ತಿದ್ದಾರೆಂದು ನಮ್ಮ ಚಿತ್ರ ಅವರಿಗೆ ಹೇಳಿತ್ತು.

ಹತ್ತು ದಿನದ ಬಳಿಕ ಮೂಡಲಗಿಯ ಒಂದು ಬಾಡಿಗೆ ಸಭಾಂಗಣದಲ್ಲಿ ಪರಿಶೀಲನಾ ಸಭೆ ನಡೆಯಿತು. ವಿನೋದ್ ಮಲ್ಲವ್ವಳ ಪೋಸ್ಟರನ್ನು ಆಳೆತ್ತರಕ್ಕೆ ಮುದ್ರಿಸಿ ಗೋಡೆಗೆ ಅಂಟಿಸಿದ್ದ. ಘಟನೆಗೆ ಅವನು ಕೊಟ್ಟ ಹೆಸರು ‘ಯೂಸರ್ ಎರರ್’, ಅಂದರೆ ಬಳಸಿದವರ ತಪ್ಪು. ಸ್ಥಳ ಬದಲಾದದ್ದನ್ನು ಅವರು ತಿಳಿಸಬೇಕಿತ್ತಂತೆ. ತಿಳಿಸಲು ಪರದೆಯೇ ಇಲ್ಲ ಎಂಬುದನ್ನು ಅವನು ಹೇಳಲಿಲ್ಲ.

ಅವನ ಮಾತು ಮುಗಿಯುವ ಮೊದಲೇ ಡಾ. ಮಠಪತಿ ಲಗಮವ್ವ ಅವರನ್ನು ಒಳಗೆ ಕರೆದುಕೊಂಡು ಬಂದರು. ನೋಡಿದೊಡನೆ ಗುರುತು ಸಿಕ್ಕಿತು. ಅಂಕಲಗಿ ರಸ್ತೆಯ ಹೆಂಗಸು ಅವರೇ.

ಲಗಮವ್ವ ಪೋಸ್ಟರಿನ ಮುಂದೆ ನಿಂತರು. ಫೋಟೋ ನೋಡಿದರು. ಆಮೇಲೆ ನಿಧಾನವಾಗಿ, ತಡವರಿಸದೆ, ಗಟ್ಟಿಯಾಗಿ ಓದಿದರು: “ಹೆಸರು ಮಲ್ಲವ್ವ. ಓದು ಬರದು. ತಂತ್ರಜ್ಞಾನವೆಂದರೆ ಭಯ.” ಮಲ್ಲವ್ವಳ ಬಾಯಿಗೆ ನಾನು ತುರುಕಿದ್ದ ಮಾತನ್ನೂ ಓದಿದರು. ಓದಿ ಮುಗಿಸಿ ನಮ್ಮ ಕಡೆ ತಿರುಗಿದರು.

“ನಾ ಏಳನೇ ಇಯತ್ತಾ ತನಕ ಸಾಲಿ ಕಲತೇನ್ರಿ. ಓದಾಕ ಬರೂದಿಲ್ಲ ಅಂತ ಯಾರನ್ನ ಕೇಳಿ ಬರದ್ರಿ?”

ವಿನೋದ್ ನಕ್ಕ. “ಅದು ನೀವಲ್ಲಮ್ಮ. ಫೋಟೋ ಸುಮ್ಮನೆ ಹಾಕಿದ್ದು. ಅದು ಪರ್ಸೋನಾ, ಕಲ್ಪಿತ ವ್ಯಕ್ತಿ.”

“ಹಂಗಾರ ಅಕೀ ಕುರಿ ಸಾಯಬೇಕಿತ್ತು. ನನ್ನವ್ಯಾಕ ಸತ್ತುವು?” ಎಂದರು ಲಗಮವ್ವ. ದನಿ ಏರಿರಲಿಲ್ಲ. “ಡಾಕ್ಟರ್ ನಿಮ್ಮ ಊರಿಗೆ ಹೊಂಟಾರ ಅಂತ ಒಂದ್ ಸಾಲು ಬರದಿದ್ರ ನಾ ಓದತಿದ್ನಿ. ಓದಿ, ನಡಕೋತ ದವಾಖಾನಿಗೆ ಹೋಗತಿದ್ನಿ. ನೀವು ಚಿತ್ರ ತೋರಿಸಿದ್ರಿ. ನಾ ದಾರಿ ಕಾಯ್ಕೋತ ಕುಂತ್ನಿ.”

ನಾನು ಎದ್ದು ನಿಂತೆ. ಆ ಪೋಸ್ಟರಿನಲ್ಲಿರುವ ಪ್ರತಿ ಮಾತನ್ನೂ ನಾನೇ ಬರೆದದ್ದು, ಯಾರನ್ನೂ ಕೇಳದೆ ಬರೆದದ್ದು, ತಪ್ಪು ನಮ್ಮದೇ ಎಂದು ಟ್ರಸ್ಟಿನವರ ಎದುರು ಹೇಳಿದೆ. ವಿನೋದ್ ನನ್ನ ತೋಳು ಹಿಡಿದು ಕೂರಿಸಲು ನೋಡಿದ. ಲಗಮವ್ವ ನನ್ನನ್ನು ದಿಟ್ಟಿಸಿದರು.

“ನಿಮ್ಮದು ಯಾವೂರ್ರಿ?”

“ಹುಕ್ಕೇರಿ ಬಾಜೂಕ್ರಿ.”

“ಹಂಗಾರ ನಿಮಗ ಗೊತ್ತಿತ್ತು” ಎಂದರು. ಅಷ್ಟೇ ಹೇಳಿ ಹೊರಟುಹೋದರು. ಅವರ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ರಸ್ತೆಯಲ್ಲಿ ಬಿದ್ದ ಹೊಲಸನ್ನು ದಾಟಿ ಹೋಗುವಾಗ ಇರುವಂಥ ನೋಟ ಅದು.

ಟ್ರಸ್ಟಿನವರು ಕೆಲಸವನ್ನು ಮತ್ತೆ ಮೊದಲಿಂದ ಮಾಡಲು ಹೇಳಿದರು. ಸತ್ತ ಕುರಿಗಳ ಪರಿಹಾರವನ್ನೂ ಅವರೇ ನೋಡಿಕೊಂಡರು. ನಾನು ಮೂರು ವಾರ ನಾಲ್ಕು ಹಿಂಡುಗಳ ಹಿಂದೆ ನಡೆದೆ. ನಡೆದ ಮೇಲೆ ತಿಳಿದದ್ದರಲ್ಲಿ ಅಷ್ಟೇನೂ ಗೂಢವಾದದ್ದು ಇರಲಿಲ್ಲ. ಕುರಿಗಾರರ ವಿಳಾಸ ದಿನದಿನಕ್ಕೆ ಬದಲಾಗುತ್ತದೆ. ಫೋನ್ ಚಾರ್ಜ್ ಆಗುವುದು ಗಿರಣಿಯಲ್ಲಿ, ಹೊಲದ ಮಾಲೀಕರ ಮನೆಯಲ್ಲಿ. ಓದಬಲ್ಲವರು ಹಿಂಡಿಗೆ ಒಬ್ಬರಾದರೂ ಇದ್ದೇ ಇರುತ್ತಾರೆ. ಹೊಸ ಆ್ಯಪ್ ‘ಇವತ್ತು ಎಲ್ಲಿದ್ದೀರಿ’ ಎಂದು ಮೊದಲು ಕೇಳುತ್ತಿತ್ತು, ಡಾಕ್ಟರ್ ಯಾವ ಊರಿಗೆ ಹೊರಟಿದ್ದಾರೆಂದು ಅಕ್ಷರದಲ್ಲೇ ಹೇಳುತ್ತಿತ್ತು, ಹತ್ತಿರದ ಪಶು ಆಸ್ಪತ್ರೆಯನ್ನು ತೋರಿಸುತ್ತಿತ್ತು.

ವಿನೋದನಿಗೆ ಏನೂ ಆಗಲಿಲ್ಲ. ತನ್ನ ವರದಿಯಲ್ಲಿ ಹದಿನಾಲ್ಕು ಕುರಿಗಳನ್ನು ‘ಅಮೂಲ್ಯ ಕಲಿಕೆ’ ಎಂದು ಬರೆದ. ಆಮೇಲೆ ಅದನ್ನೇ ಒಂದು ಭಾಷಣ ಮಾಡಿಕೊಂಡು ಊರೂರು ತಿರುಗಿದ. ಆ ಭಾಷಣದ ಪ್ರಕಾರ ಹಿಂಡುಗಳ ಹಿಂದೆ ನಡೆದವನು ಅವನೇ. ನಾನು ಆ ಸಂಸ್ಥೆ ಬಿಟ್ಟೆ.

ಈಗ ಡಿಸೈನ್ ಕಲಿಯುವವರು ನನಗೆ ಪರ್ಸೋನಾ ತೋರಿಸಲು ಬಂದರೆ, ಅದರಲ್ಲಿರುವ ಮಾತನ್ನು ಆಡಿದವರು ಯಾರು, ಎಲ್ಲಿ ಸಿಕ್ಕಿದರು ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ಮುಂದೆ ನೋಡುವುದಿಲ್ಲ. ಜನರನ್ನು ಕೇಳದೆ ಬರೆದ ಪರ್ಸೋನಾದಲ್ಲಿ ಕಾಣುವುದು ಬರೆದವರ ಒಳಗಿನ ತಾತ್ಸಾರ ಮಾತ್ರ. ನನ್ನ ತಾತ್ಸಾರಕ್ಕೆ ಮಲ್ಲವ್ವ ಎಂದು ಹೆಸರಿಟ್ಟಿದ್ದೆ.

ಸಂಸ್ಥೆ ಬಿಡುವ ಮುನ್ನ ಹೊಸ ಆ್ಯಪ್ ಹಿಡಿದುಕೊಂಡು ಲಗಮವ್ವ ಅವರ ಬಳಿ ಹೋಗಿದ್ದೆ. ಅವರು ಫೋನ್ ಇಸಿದುಕೊಂಡು ಒಂದೊಂದು ಪರದೆಯನ್ನೂ ಪೂರ್ತಿ ಓದಿದರು. ಒಂದು ಕಡೆ ‘ರೋಗಲಕ್ಷಣ’ ಎಂದಿದ್ದುದನ್ನು ತೋರಿಸಿ, “ಇಲ್ಲಿ ಏನಾಗೈತಿ ಅಂತ ಬರೀರಿ, ಎಲ್ಲಾರಿಗೂ ತಿಳಿತೈತಿ” ಎಂದರು. ನಾನು ಬರೆದುಕೊಂಡೆ. ಆಮೇಲೆ ಫೋನನ್ನು ನನ್ನ ಕೈಗೇ ಕೊಟ್ಟರು.

“ಈಗ ಚಲೋ ಆಗೇತ್ರಿ. ಮಂದಿಗೆ ಕೊಡ್ರಿ. ನನಗ ಬ್ಯಾಡ.”

ನಾನು ಒತ್ತಾಯ ಮಾಡಲಿಲ್ಲ. ಕೆಟ್ಟ ಕೆಲಸವನ್ನು ತಿದ್ದುವುದು ನಮ್ಮ ಬಾಧ್ಯತೆ. ತಿದ್ದಿದೆವೆಂಬ ಕಾರಣಕ್ಕೆ, ಅದರಿಂದ ಪೆಟ್ಟು ತಿಂದವರು ಮತ್ತೆ ನಮ್ಮನ್ನು ನಂಬಬೇಕೆಂದು ಕೇಳುವುದಕ್ಕೆ ನಮಗೆ ಮುಖವಿಲ್ಲ. ನನ್ನ ವೃತ್ತಿ ಇಷ್ಟನ್ನು ನನಗೆ ಕಲಿಸಿತು, ಅದೂ ಬೇರೆಯವರ ಕುರಿಗಳ ಮೇಲೆ.