ಮೊದಲೇ ಮಾಡಿದ ಸಹಿ

ನಮ್ಮಪ್ಪ ಸೋಮವಾರ ಬೆಳಿಗ್ಗೆ ಚೆಕ್ ಪುಸ್ತಕ ತೆಗೆದು, ವಾರಕ್ಕಾಗುವಷ್ಟು ಹಾಳೆಗಳಿಗೆ ಸಹಿ ಮಾಡಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಕಾಲುವೆ ನೀರು ಬಂದಮೇಲೆ ವರ್ಷಕ್ಕೆ ಎರಡು ಬೆಳೆ ಭತ್ತ. ಸುಗ್ಗಿಯಲ್ಲಿ ಅಪ್ಪನಿಗೆ ಕೂತು ಉಣ್ಣಲು ಪುರಸೊತ್ತಿಲ್ಲ, ಇನ್ನು ಕೂತು ಸಹಿ ಮಾಡುವುದೆಲ್ಲಿ ಬಂತು. ಗುಮಾಸ್ತ ಬೇಕಾದಾಗ ಒಂದು ಹಾಳೆ ಹರಿದು, ಹೆಸರು, ಮೊತ್ತ ತುಂಬಿ ಬ್ಯಾಂಕಿಗೆ ಒಯ್ಯುತ್ತಿದ್ದ. ಅಕ್ಕಪಕ್ಕದ ಗಿರಣಿಗಳೂ ಹಾಗೆಯೇ ನಡೆಯುತ್ತಿದ್ದವು. ಹೀಗಾಗಿ ಸಹಿ ಎನ್ನುವುದು ಬಿಡುವಿದ್ದಾಗ ಮಾಡಿಟ್ಟುಕೊಳ್ಳುವ ಕೆಲಸ ಎಂದೇ ನಾನು ತಿಳಿದು ಬೆಳೆದೆ. ಈ ತಿಳಿವಳಿಕೆ ಒಬ್ಬ ಹೆಂಗಸಿನ ಜೀವಕ್ಕೆ ಹೇಗೆ ಕುತ್ತು ತಂತು ಎಂಬುದನ್ನು ಬರೆಯಲು ಹೊರಟಿದ್ದೇನೆ. ನಡುವೆ ಎಲ್ಲಾದರೂ ನನ್ನ ಪರವಾಗಿ ನಾನೇ ವಾದಿಸತೊಡಗಿದರೆ ಓದುವವರು ಒಪ್ಪಬೇಕಾಗಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಹೊಸಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದೆ. ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರ ಬೇಕೆಂದರೆ ಪರ, ವಿರೋಧ ಬೇಕೆಂದರೆ ವಿರೋಧ. ದೇವರ ವಿರುದ್ಧ ಮಾತಾಡಿ ಗೆದ್ದ ಕಪ್ಪನ್ನು ಅತ್ತೆ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಳು, ಅಲ್ಲಿ ಬಿಟ್ಟರೆ ಮನೆಯಲ್ಲಿ ಜಾಗ ಇರಲಿಲ್ಲ. ಹೀಗಿರುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಒಬ್ಬ ಹೆಂಗಸನ್ನು ಕರೆತಂದು, ‘ಇವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಲು, ಮಾತಿಗೆ ಒಬ್ಬರು ಬೇಕಂತೆ. ಮಾತಂದ್ರೆ ನೀನೇ ನೋಡಮ್ಮ’ ಎಂದರು.

ಆಕೆ ಯುರೋಪಿನ ಕಡೆಯವಳು. ಹಂಪಿಯ ಕಲ್ಲುಕಂಬಗಳನ್ನು ಅಳೆದು ಚಿತ್ರ ಬರೆಯಲು ಒಂದು ವರ್ಷಕ್ಕೆಂದು ಬಂದಿದ್ದಳು. ಹಂಪಿ ಬಜಾರದ ಹಳೆಯ ಕಲ್ಲುಮಂಟಪವೊಂದರಲ್ಲಿ ಚಹಾದಂಗಡಿ ಇಟ್ಟಿದ್ದ ವಯಸ್ಸಾದ ಹೆಂಗಸು ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಳು. ನಾವೆಲ್ಲ ಈ ಅಂಗಡಿಯಾಕೆಯನ್ನು ಅಮ್ಮ ಎನ್ನುತ್ತಿದ್ದೆವು. ಕಾಲೇಜು ಮುಗಿಸಿ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ; ಮನೆಯಲ್ಲಿ ಲೈಬ್ರರಿ ಎಂದು ಹೇಳುತ್ತಿದ್ದೆ.

ಕಂಬ ಅಳೆಯುವುದು ಆಕೆಗೆ ಸುಲಭವಿತ್ತು. ಕಷ್ಟ ಇದ್ದದ್ದು ಹತ್ತು ರೂಪಾಯಿಯ ಹರಿದ ನೋಟಿನಲ್ಲಿ. ಕಂಡಕ್ಟರ್ ಕೊಟ್ಟ ಹರಕು ನೋಟನ್ನು ಬಾಳೆಹಣ್ಣಿನವಳು ಮುಟ್ಟುತ್ತಿರಲಿಲ್ಲ. ‘ಸರ್ಕಾರ ಕೊಟ್ಟ ನೋಟು ಸರ್ಕಾರದ ಬಸ್ಸಿನಲ್ಲಿ ನಡೆದು ಇಲ್ಲಿ ಯಾಕೆ ನಡೆಯುವುದಿಲ್ಲ?’ ಎಂದು ನನ್ನನ್ನು ಕೇಳುತ್ತಿದ್ದಳು. ಔಷಧಿ ಅಂಗಡಿಯವನು ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟು, ಹೆಸರಿದ್ದ ಭಾಗವನ್ನೆಲ್ಲ ತನ್ನ ಹತ್ತಿರವೇ ಉಳಿಸಿಕೊಂಡಾಗ ಆಕೆ ಹೆಸರು ಕೇಳಿದಳು. ಅವನು, ‘ಹೆಸರ್ಯಾಕ್ ಬೇಕಂತ್ರೀ ಮೇಡಂಗೆ? ತಲಿನೋವಿಂದು ಅಂತ ಹೇಳ್ರಿ, ಸಾಕು’ ಎಂದ. ನಾನು ಅವನೊಡನೆ ಕಾಲು ಗಂಟೆ ವಾದ ಮಾಡಿ ಹೆಸರು ಪಡೆದೆ. ಆಕೆ ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಆವತ್ತಿನಿಂದ ಆಕೆಗೆ ನನ್ನ ಮೇಲೆ ಭರವಸೆ ಬಂತು. ನನಗೂ ನನ್ನ ಮೇಲೆ ಬಂತು, ಅದು ಮೊದಲೇ ಸಾಕಷ್ಟಿತ್ತು.

ದೀಪಾವಳಿ ಕಳೆದ ಮೇಲೆ ಆಕೆಗೆ ಚಳಿಜ್ವರ ಹಿಡಿಯಿತು. ಗದ್ದೆಗಳಲ್ಲಿ ನೀರು ನಿಲ್ಲತೊಡಗಿದ ಮೇಲೆ ನಮ್ಮ ಕಡೆ ಈ ಜ್ವರ ಕಾಣದ ಮನೆಯಿಲ್ಲ. ಒಂದು ದಿನ ಬಿಟ್ಟು ಒಂದು ದಿನ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ: ಮೊದಲು ಮೈ ನಡುಗಿಸುವ ಚಳಿ, ಆಮೇಲೆ ಉರಿ, ಆಮೇಲೆ ಬೆವರು. ನಡುವಿನ ದಿನ ಮನುಷ್ಯ ಎದ್ದು ಓಡಾಡಬಹುದು. ಡಾಕ್ಟರು ರಕ್ತ ನೋಡಿ ಮಾತ್ರೆ ಕೊಟ್ಟರು. ಆಕೆಯ ಹೊಟ್ಟೆಯಲ್ಲಿ ಮಾತ್ರೆ ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ. ಮೂರನೆಯ ಸಲ ಜ್ವರ ಬಂದ ಭಾನುವಾರ ಡಾಕ್ಟರು ಮತ್ತೆ ನೋಡಿ, ‘ಇನ್ನು ತಡ ಮಾಡಬೇಡಿ. ಹೊಸಪೇಟೆಯಲ್ಲಿ ನರ್ಸಿಂಗ್ ಹೋಮಿಗೆ ಸೇರಿಸಿ, ಸಲೈನ್ ಬಾಟಲಿ ಹಾಕಿಸಬೇಕು. ಇನ್ನೆರಡು ಸಲ ಜ್ವರ ಬಂದರೆ ಈಕೆ ತಡೆಯೋದಿಲ್ಲ’ ಎಂದರು. ಅಲ್ಲಿ ಮುಂಗಡ ಕಟ್ಟಬೇಕಿತ್ತು. ಆಕೆಯ ಕೈಯಲ್ಲಿದ್ದ ರೂಪಾಯಿ ಮುಗಿದಿತ್ತು. ಉಳಿದಿದ್ದದ್ದು ನಾಲ್ಕು ಟ್ರಾವೆಲರ್ಸ್ ಚೆಕ್.

ಅಪ್ಪನನ್ನು ಕೇಳಬಹುದಿತ್ತಲ್ಲ ಎಂದರೆ, ಹೌದು, ಕೇಳಬಹುದಿತ್ತು. ಕೇಳಿದರೆ ಲೈಬ್ರರಿಯ ಸುಳ್ಳು ಹೊರಬೀಳುತ್ತಿತ್ತು. ಅದಕ್ಕೆ ಕೇಳಲಿಲ್ಲ.

ಟ್ರಾವೆಲರ್ಸ್ ಚೆಕ್ಕಿನಲ್ಲಿ ಎರಡು ಸಹಿಯ ಜಾಗ ಇರುತ್ತದೆ. ಮೇಲಿನದನ್ನು ತಮ್ಮ ದೇಶದಲ್ಲಿ ಹಣ ಕೊಟ್ಟು ಚೆಕ್ ಕೊಳ್ಳುವಾಗ ಮಾಡಿರುತ್ತಾರೆ. ಕೆಳಗಿನದನ್ನು ಹಣ ಪಡೆಯುವಾಗ, ಕೊಡುವವರ ಕಣ್ಣೆದುರು ಮಾಡಬೇಕು. ಎರಡೂ ತಾಳೆಯಾಗಿ ಕೂಡಿದರೆ ಹಣ. ಇದನ್ನು ಚೆಕ್ಕಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ.

ಸೋಮವಾರ ಬೆಳಿಗ್ಗೆ ಆಕೆ ಎದ್ದು ಗೋಡೆಗೊರಗಿ ಕೂತಿದ್ದಳು. ಜ್ವರವಿಲ್ಲದ ದಿನ. ಮುಖ ಸುಣ್ಣದ ಹಾಗಾಗಿತ್ತು. ಅಮ್ಮ ಗಂಜಿ ಕಲಸುತ್ತ ನನಗೆ ಹೇಳಿದಳು: ‘ಆಕಿನ್ನ ಕರಕೊಂಡ ಹೋಗು. ಇವತ್ತು ಅಷ್ಟೊ ಇಷ್ಟೊ ಛಲೋ ಅದಾಳ. ನಾಳಿಗೆ ಮತ್ತ ಬರತೈತಿ.’

‘ಈ ಸ್ಥಿತಿಯಲ್ಲಿ ಬಸ್ಸಿನಲ್ಲಿ ಹೆಂಗ ಕರಕೊಂಡ ಹೋಗ್ಲಿ? ಸಹಿ ಮಾಡಿಸಿ ನಾನಽ ರೊಕ್ಕ ತರ್ತೀನಿ. ಬರುವಾಗ ಗಾಡಿ ಮಾಡಿಕೊಂಡು ಬಂದು ಸೀದಾ ದವಾಖಾನಿಗೆ ಒಯ್ಯೋದು.’

‘ಹಂಗ ಕೊಡ್ತಾರನು ಬ್ಯಾಂಕಿನಾಗ?’

‘ನಮ್ಮಪ್ಪ ದಿನಾ ತರಸ್ತಾನ. ಬ್ಯಾಂಕಿಗೆ ಬೇಕಾಗಿರೋದು ಸಹಿ, ಮನಷಾ ಅಲ್ಲ.’

‘ನಿನ್ನ ಕೂಡ ಯಾರ ಮಾತಾಡಬೇಕವ್ವ’ ಎಂದು ಅಮ್ಮ ಗಂಜಿಯ ಕಡೆ ತಿರುಗಿದಳು.

ಆಕೆ ಚೆಕ್ಕುಗಳನ್ನು ಮಡಿಲಲ್ಲಿಟ್ಟುಕೊಂಡು, ‘ಇದನ್ನು ಬ್ಯಾಂಕಿನಲ್ಲೇ ಮಾಡಬೇಕಲ್ಲವೇ?’ ಎಂದು ನನ್ನನ್ನು ಕೇಳಿದಳು. ನಾನು ಆ ಸಣ್ಣ ಅಕ್ಷರಗಳನ್ನು ಓದಿದೆ. ಸ್ಪಷ್ಟವಾಗಿದ್ದವು. ಕಾಯಿಲೆಯವರನ್ನು ಎಬ್ಬಿಸಿ ಒಯ್ಯಬೇಕೆಂದು ಯಾವ ಬುದ್ಧಿವಂತ ನಿಯಮವೂ ಹೇಳಲಾರದು, ಹಾಗಾಗಿ ಈ ನಿಯಮ ಗಟ್ಟಿಮುಟ್ಟಾಗಿರುವವರಿಗೆ ಎಂದು ಅರ್ಥ ಮಾಡಿಕೊಂಡೆ. ‘ನಮ್ಮಲ್ಲಿ ಹೀಗೇ ನಡೆಯುತ್ತದೆ’ ಎಂದೆ. ಆಕೆ ನನ್ನ ಮುಖ ನೋಡಿ, ‘ನಿಮ್ಮ ಊರು. ನಿನಗೆ ಗೊತ್ತಿರುತ್ತದೆ’ ಎಂದಳು. ಮತ್ತೆ ಮತ್ತೆ ಓಡಾಡುವುದು ಬೇಡವೆಂದು ನಾಲ್ಕಕ್ಕೂ ಒಟ್ಟಿಗೇ ಸಹಿ ಮಾಡಿಸಿದೆ. ಕೈ ಗಟ್ಟಿಯಾಗಿತ್ತು. ಎರಡೂ ಸಹಿ ಅಚ್ಚು ಹಾಕಿದ ಹಾಗೆ ಕೂಡಿದ್ದವು.

ಬ್ಯಾಂಕಿನಲ್ಲಿ ವಿದೇಶದ ಹಣ ನೋಡುತ್ತಿದ್ದ ಅಧಿಕಾರಿ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ನಾಲ್ಕನ್ನೂ ತಿರುಗಿಸಿ ಮುರುಗಿಸಿ ನೋಡಿದರು.

‘ಕೆಳಗಿನ ಸಹಿ ಯಾವಾಗ ಮಾಡಿದ್ದಮ್ಮ ಇದು?’

‘ಈಗ, ಬೆಳಿಗ್ಗೆ.’

‘ಎಲ್ಲಿ?’

‘ಮನೆಯಲ್ಲಿ. ನಾನು ಎದುರಿಗೇ ಇದ್ದೆ.’

‘ನೀವಿದ್ರಿ. ನಾನಿರಲಿಲ್ಲವಲ್ಲ.’

‘ಎರಡೂ ಸಹಿ ಒಂದೇ ಥರ ಇವೆಯೋ ಇಲ್ಲವೋ, ಅದನ್ನು ಹೇಳಿ ಸರ್.’

‘ಇವೆಯಮ್ಮ. ಕಳ್ಳನೂ ಒಂದೇ ಥರ ಇರೋ ಹಾಗೇ ಮಾಡೋದು.’

ನಾನು ಬಿಡಲಿಲ್ಲ. ನಿಯಮದ ಉದ್ದೇಶ ಬೇರೆ, ಅಕ್ಷರ ಬೇರೆ ಎಂದೆ. ಕಾಯಿಲೆಯನ್ನು ಹೇಳಿದೆ, ಡಾಕ್ಟರ ಚೀಟಿ ತೋರಿಸಿದೆ, ಅಪ್ಪನ ಗಿರಣಿಯ ಹೆಸರನ್ನೂ ತಂದೆ. ಸಾಲಿನಲ್ಲಿ ನಿಂತವರು ಕಿವಿಗೊಟ್ಟು ಕೇಳುತ್ತಿದ್ದರು. ಸಂಡೂರಿನ ಗಣಿಯ ಗುತ್ತಿಗೆದಾರನೊಬ್ಬ, ‘ವಕೀಲಿ ಓದಾಕತ್ತೀಯೇನು ತಂಗಿ?’ ಎಂದ. ನನಗೆ ಹುರುಪು ಹೆಚ್ಚಿತು. ಅಧಿಕಾರಿ ಕನ್ನಡಕ ತೆಗೆದಿಟ್ಟರು.

‘ನೋಡಮ್ಮ, ಇದನ್ನ ಚೆಕ್ ಕೊಟ್ಟ ಕಂಪನಿ ವಾಪಸ್ ಕಳಿಸಿದರೆ ನನ್ನ ಸಂಬಳದಲ್ಲಿ ಹಿಡೀತಾರೆ. ನೀವು ಚೆನ್ನಾಗಿ ಮಾತಾಡ್ತೀರಿ. ನೀವು ಚೆನ್ನಾಗಿ ಮಾತಾಡಿದಷ್ಟೂ ನನಗೆ ಭಯ ಜಾಸ್ತಿ ಆಗ್ತಾ ಇದೆ. ಅವರನ್ನೇ ಕರೆದುಕೊಂಡು ಬನ್ನಿ, ಪಾಸ್‌ಪೋರ್ಟ್ ತನ್ನಿ, ನನ್ನ ಮುಂದೆ ಹಿಂಬದಿಗೆ ಇನ್ನೊಂದು ಸಹಿ ಹಾಕಲಿ. ಅಷ್ಟರ ಮಟ್ಟಿಗೆ ನಾನು ಮಾಡಬಲ್ಲೆ.’

ಗಡಿಯಾರ ನೋಡಿದೆ. ಹಣ ಕೊಡುವ ಕೌಂಟರು ಮುಚ್ಚಲು ಅರ್ಧ ಗಂಟೆ. ಹಂಪಿಗೆ ಹೋಗಿ ಬರುವುದು ಆಗದ ಮಾತು. ಆಕೆಗೆ ಇದ್ದ ಒಂದು ಒಳ್ಳೆಯ ದಿನವನ್ನು ನಾನು ವಾದದಲ್ಲಿ ಖರ್ಚು ಮಾಡಿದ್ದೆ.

ಸಂಜೆ ಆಕೆಗೆ ಹೇಳಿದ್ದು ಇಷ್ಟು: ‘ನೀವೇ ಬರಬೇಕು ಎನ್ನುತ್ತಾರೆ. ಹೊಸ ಅಧಿಕಾರಿ.’ ಅದರಲ್ಲಿ ಸುಳ್ಳಿನ ಒಂದು ಪದವೂ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ನಾವು ಕಲಿಯುವುದೇ ಅದನ್ನು. ಅಮ್ಮ ಕಿವಿಯ ಬುಗುಡಿ ಬಿಚ್ಚಿ, ಅಡವಿಟ್ಟು ರೊಕ್ಕ ತಾ ಎಂದು ನನ್ನ ಮುಂದೆ ಹಿಡಿದಳು. ಆಕೆಗೆ ಮಾತು ತಿಳಿಯದಿದ್ದರೂ ಕೈ ಏನು ಹೇಳುತ್ತಿದೆ ಎಂಬುದು ತಿಳಿಯಿತು. ಬೇಡವೆಂದು ತಲೆಯಾಡಿಸಿ, ಬುಗುಡಿಯನ್ನು ಅಮ್ಮನ ಮುಷ್ಟಿಯೊಳಗೇ ಮುಚ್ಚಿಟ್ಟಳು.

ಮಂಗಳವಾರ, ಬಾಡಿಗೆ ಆಮೇಲೆ ಎಂದು ಜೀಪು ಮಾಡಿಕೊಂಡು, ಅಮ್ಮನೂ ಸೇರಿ ಮೂವರೂ ಹೊರಟೆವು. ಬ್ಯಾಂಕು ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆವು. ಅಧಿಕಾರಿಯ ಮೇಜಿನ ಮುಂದೆ ಕೂರಿಸಿ ಪೆನ್ನು ಕೊಡುವಷ್ಟರಲ್ಲಿ ಚಳಿ ಬಂತು. ಅದು ಬರುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ತಲುಪುವಷ್ಟರಲ್ಲಿ ಆಕೆ ಬೆವರಿ ಮಲಗಿರುತ್ತಿದ್ದಳು. ಉಗುರು ನೀಲಿಯಾದವು. ಹಲ್ಲು ಕಟಕಟ ಎಂದಿತು. ಕುರ್ಚಿಯೇ ನಡುಗಿತು. ಅಷ್ಟರಲ್ಲೂ ಒಂದು ಚೆಕ್ಕಿನ ಹಿಂಬದಿಗೆ ಸಹಿ ಮಾಡಿದಳು. ಅದು ಸಹಿಯಂತಿರಲಿಲ್ಲ, ಇರುವೆ ಹರಿದಾಡಿದಂತಿತ್ತು.

ಅಧಿಕಾರಿ ಅದನ್ನು ಪಾಸ್‌ಪೋರ್ಟಿನ ಸಹಿಯ ಪಕ್ಕಕ್ಕಿಟ್ಟರು. ‘ಕೂಡ್ತಿಲ್ಲವಲ್ಲಮ್ಮ.’

‘ಆಕೆಯೇ ನಿಮ್ಮ ಮುಂದೆ ಕೂತಿದ್ದಾಳೆ. ಮುಖ ಕೂಡುತ್ತದೆ, ಪಾಸ್‌ಪೋರ್ಟ್ ಕೂಡುತ್ತದೆ. ನಿನ್ನೆ ಕೂಡಿದ ಸಹಿ ಬೇಡವೆಂದಿರಿ, ಇವತ್ತು ಕೂಡಿಲ್ಲವೆಂದು ಬೇಡವೆನ್ನುತ್ತೀರಿ. ಹಾಗಾದರೆ ನಿಮಗೆ ಬೇಕಾದದ್ದು…’

ಅಮ್ಮ ನನ್ನ ತೋಳು ಹಿಡಿದಳು. ‘ನೀ ಹೊರಗ ನಡಿ.’

‘ಅಮ್ಮ, ಇಂಗ್ಲಿಷ್ ಬರೋದು ನನಗೊಬ್ಬಳಿಗೇ.’

‘ಇಂಗ್ಲೀಷಿನಿಂದಽ ಇಲ್ಲೀತನಕ ಬಂದಿದ್ದು. ನಡಿ ಹೊರಗ.’

ನಾನು ಬಾಗಿಲವರೆಗೆ ಮಾತ್ರ ಹೋದೆ. ಅಮ್ಮ ಜೊತೆಗೆ ತಂದಿದ್ದ ಕೌದಿ ಹೊದಿಕೆಯನ್ನು ಆಕೆಯ ಮೈಗೆ ಸುತ್ತಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಅಂಗಡಿಗೆ ಬಂದ ಗಿರಾಕಿಯ ಜೊತೆ ಮಾತಾಡುವಂತೆ ಮಾತಾಡಿದಳು.

‘ಸಾಹೇಬ್ರ, ನಿಮಗ ಈ ಜ್ವರ ಬಂದಿಲ್ಲ ಕಾಣತೈತಿ.’

‘ಇಲ್ಲಮ್ಮ. ನಾನು ಬಂದು ಮೂರು ತಿಂಗಳಾಯ್ತಷ್ಟೆ.’

‘ಬರತೈತಿ ಬಿಡ್ರಿ, ಇಲ್ಲೇ ಇರೋರಲ್ಲ. ಇದರದೊಂದು ರೀತಿ ಐತಿ. ಈಗ ಚಳಿ. ತಾಸಿನ ಮ್ಯಾಲ ಚಳಿ ಇಳೀತೈತಿ, ಉರಿ ಏರತೈತಿ. ಉರಿಯೊಳಗ ಕೈ ನಡಗಂಗಿಲ್ಲ. ಆಗ ಬರೀತಾಳ. ಅಲ್ಲೀತನಕ ಈ ಬಾಕಿನ ಮ್ಯಾಲ ಮಲಗಸ್ತೀನಿ. ನಿಮ್ಮ ಕಾನೂನು ನಿಮಗಿರ್ಲಿ.’

ಅಧಿಕಾರಿ ಕುರ್ಚಿಯಿಂದ ಎದ್ದರು. ಫ್ಯಾನ್ ಆರಿಸಿ, ಜವಾನನಿಗೆ ಬಿಸಿನೀರು ತರಲು ಹೇಳಿದರು.

ಒಂದೂವರೆ ತಾಸಾಯಿತು. ಆಕೆಯ ಮುಖ ಕೆಂಪಾಯಿತು, ಕೌದಿ ಒದ್ದಳು. ಅಮ್ಮ ಆಕೆಯ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದಳು. ಕಣ್ಣು ಅರ್ಧ ಮುಚ್ಚಿದ್ದರೂ ಕೈ ತಾನೇ ನಡೆಯಿತು. ಮೂರು ಸಹಿ ಕೂಡಿದವು. ಚಳಿಯಲ್ಲಿ ಮಾಡಿದ ನಾಲ್ಕನೆಯದನ್ನು ಅಧಿಕಾರಿ ತೆಗೆದುಕೊಳ್ಳಲಿಲ್ಲ. ಕೌಂಟರು ಮುಚ್ಚುವ ಮೊದಲು ಹಣ ಕೈಗೆ ಬಂತು. ನರ್ಸಿಂಗ್ ಹೋಮು ತಲುಪಿದಾಗ ಆಕೆಗೆ ಅಮ್ಮ ಯಾರು, ನಾನು ಯಾರು ಎಂಬುದು ತಿಳಿಯುತ್ತಿರಲಿಲ್ಲ. ತನ್ನ ಭಾಷೆಯಲ್ಲಿ ಏನೋ ಕೇಳುತ್ತಿದ್ದಳು. ‘ನಿನ್ನೆ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ’ ಎಂದರು ಅಲ್ಲಿಯ ಡಾಕ್ಟರು. ಯಾರನ್ನೂ ಬೈದು ಹೇಳಲಿಲ್ಲ, ಬಾಟಲಿ ಹಾಕುತ್ತ ಹೇಳಿದರು. ಎರಡು ದಿನ ಭರವಸೆ ಕೊಡಲಿಲ್ಲ.

ಶುಕ್ರವಾರ ಆಕೆ ದಿಂಬಿಗೊರಗಿ ಕೂತಿದ್ದಳು. ಕಣ್ಣಿನ ಬಿಳಿ ಹಳದಿಯಾಗಿತ್ತು, ಆದರೆ ಮಾತು ನೆಟ್ಟಗಿತ್ತು. ಅಮ್ಮ ಮಂಚದ ಕೆಳಗೆ ಕೂತು ಮೋಸಂಬಿ ಬಿಡಿಸುತ್ತಿದ್ದಳು. ಆಕೆ ನನಗೆ ಕಾಗದ, ಪೆನ್ನು ಕೊಟ್ಟು, ‘ಬ್ಯಾಂಕಿನ ಮೇಲಿನವರಿಗೆ ಒಂದು ದೂರು ಬರೆ’ ಎಂದಳು. ‘ಇಲ್ಲಿ ಎಲ್ಲರಿಗೂ ನಡೆಯುವ ಪದ್ಧತಿಯನ್ನು ಆ ಅಧಿಕಾರಿ ನನಗೆ ಮಾತ್ರ ನಿರಾಕರಿಸಿದ. ಸಾಯುತ್ತಿದ್ದವಳನ್ನು ಎರಡನೆಯ ಸಲ ಸಹಿಗೆ ಕರೆಸಿದ. ನೀನು ಚೆನ್ನಾಗಿ ಬರೆಯುತ್ತೀಯ.’

ಚೆನ್ನಾಗಿಯೇ ಬರೆಯಬಲ್ಲೆ. ಮೊದಲ ವಾಕ್ಯ ತಲೆಯಲ್ಲಿ ಆಗಲೇ ತಯಾರಾಗಿತ್ತು. ಆ ಅಧಿಕಾರಿಗೆ ಮತ್ತೆ ವರ್ಗವಾಗುವಷ್ಟು ಚೆನ್ನಾಗಿ ಬರೆಯಬಹುದಿತ್ತು. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

‘ಇಲ್ಲಿ ಅಂಥ ಪದ್ಧತಿ ಇಲ್ಲ’ ಎಂದೆ. ‘ಅದು ನಮ್ಮ ಗಿರಣಿಯ ಪದ್ಧತಿ. ಈ ಚೆಕ್ಕುಗಳಿಗೆ ಅದು ನಡೆಯುವುದಿಲ್ಲ. ಅವರು ಮಾಡಿದ್ದು ಸರಿ. ಮೊದಲ ದಿನ ನಿಮ್ಮನ್ನು ಕರೆದೊಯ್ದಿದ್ದರೆ ಕಾಲು ಗಂಟೆಯ ಕೆಲಸ.’

ಆಕೆ ದಿಂಬಿನಿಂದ ಬೆನ್ನೆತ್ತಿದಳು.

‘ಚೆಕ್ಕಿನ ಮೇಲೆ ಅಚ್ಚು ಹಾಕಿತ್ತಲ್ಲ. ನೀನು ಓದಿರಲಿಲ್ಲವೇ?’

‘ಓದಿದ್ದೆ. ಒಪ್ಪಿರಲಿಲ್ಲ.’

ಇದಕ್ಕೆ ಆಕೆ ಬೈಯಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಉತ್ತರ ಇತ್ತು. ಆಕೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು ದಿಂಬಿನ ಕೆಳಗಿಟ್ಟಳು. ಆ ಹೊತ್ತಿಗೆ ನರ್ಸು ಬಂದು ಆವತ್ತಿನ ಔಷಧಿ ಚೀಟಿ ಕೊಟ್ಟಳು. ಅಂಥ ಚೀಟಿಗಳನ್ನು ಆಕೆ ಯಾವಾಗಲೂ ನೋಡದೆಯೇ ನನ್ನ ಕಡೆ ಚಾಚುತ್ತಿದ್ದಳು. ಈ ಸಲ ತಾನೇ ಓದಿದಳು, ಪರ್ಸಿನಿಂದ ನೋಟು ತೆಗೆದು ಚೀಟಿಯ ಜೊತೆ ಮಡಚಿ, ಬಗ್ಗಿ ಅಮ್ಮನ ಕೈಗೆ ಕೊಟ್ಟಳು.

ಅಮ್ಮನಿಗೆ ಓದಲು ಬರುವುದಿಲ್ಲ. ಒಂದು ಸಲ ಆಕೆಯನ್ನು, ಒಂದು ಸಲ ನನ್ನನ್ನು ನೋಡಿದಳು. ಮೋಸಂಬಿಯ ಕೈಯನ್ನು ಸೆರಗಿಗೆ ಒರೆಸಿ, ಚೀಟಿ ಮುದುಡದಂತೆ ಎರಡು ಬೆರಳಲ್ಲಿ ಹಿಡಿದು ಔಷಧಿ ಅಂಗಡಿಗೆ ಇಳಿದು ಹೋದಳು. ನಾನು ಹಿಂದೆ ಹೋಗಲಿಲ್ಲ. ಯಾರೂ ಕರೆದಿರಲಿಲ್ಲ.